5 ಗಂಟೆ ಓಡಿದಮೇಲೆ ಚಿಪ್‌ನ ಚೇಂಬರ್‌ನಲ್ಲಿ ಗಾಳಿಗುಳ್ಳೆ: ತಡೆಯೋದು ಹೇಗೆ, ಕೂತದ್ದನ್ನು ತೆಗೆಯೋದು ಹೇಗೆ?

ಹನಿಗಾಲುವೆ (ಪ್ರಶ್ನೆ)

ಗಾಜಿನ ಮೇಲೆ ಪ್ಲಾಸ್ಮಾದಿಂದ (ವಿದ್ಯುದಾವೇಶದ ಅನಿಲ ತಾಗಿಸಿ) ಅಂಟಿಸಿದ ಪಿಡಿಎಂಎಸ್ (ಪಾರದರ್ಶಕ ಸಿಲಿಕೋನ್ ರಬ್ಬರ್) ಚಿಪ್, ಕೂದಲೆಳೆಯಂಥ ಕಾಲುವೆಗಳಲ್ಲಿ ದ್ರವ ಹರಿಸುವಂಥದ್ದು. ಚಾನೆಲ್ 200 ಮೈಕ್ರೋಮೀಟರ್ ಅಗಲ, 60 ಎತ್ತರ. ನಡುವೆ ಜೀವಕೋಶ ಬೆಳೆಸುವ ಚೇಂಬರ್ ಇದೆ: 2 ಮಿಮೀ ಅಗಲ, 5 ಮಿಮೀ ಉದ್ದ, ಎತ್ತರ ಅದೇ 60 ಮೈಕ್ರೋಮೀಟರ್. ಚಿಪ್ 37 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿದೆ. ಸಿರಿಂಜ್ ಪಂಪ್ ಹೊರಗೆ, ಕೋಣೆಯ ತಾಪದಲ್ಲಿ. ನಡುವೆ 60 ಸೆಂಮೀ ಟೈಗಾನ್ (ಮೆದು ಪ್ಲಾಸ್ಟಿಕ್) ಟ್ಯೂಬ್, ಒಳವ್ಯಾಸ 0.5 ಮಿಮೀ, ಅದರಲ್ಲಿ 15 ಸೆಂಮೀ ಮಾತ್ರ ಇನ್‌ಕ್ಯುಬೇಟರ್ ಒಳಗೆ. ಹರಿವು ನಿಮಿಷಕ್ಕೆ 2 ಮೈಕ್ರೋಲೀಟರ್. ಮೀಡಿಯಾ, ಅಂದರೆ ಕೋಶಗಳಿಗೆ ಉಣಿಸುವ ದ್ರವ: ಡಿಎಂಇಎಂ, 10% ಸೀರಮ್. ಮೀಡಿಯಾವನ್ನು ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು ಸಿರಿಂಜಿಗೆ ತುಂಬಿಸುತ್ತೇನೆ.

ತುಂಬಿಸುವಾಗ ಕಣ್ಣಿಗೆ ಕಾಣುವ ಗುಳ್ಳೆ ಇರುವುದಿಲ್ಲ. 5–6 ಗಂಟೆ ಕಳೆದಮೇಲೆ ಚೇಂಬರ್ ಶುರುವಾಗುವ ಭುಜದ (ಚಾನೆಲ್ ಅಗಲವಾಗುವ ಮೂಲೆಯ) ಹತ್ತಿರ ಒಂದು ಗುಳ್ಳೆ ಕಾಣಿಸಿಕೊಳ್ಳುತ್ತದೆ, ಬೆಳಿಗ್ಗೆ ಹೊತ್ತಿಗೆ ಅರ್ಧ ಚೇಂಬರ್ ನುಂಗಿರುತ್ತದೆ. ಹರಿವನ್ನು 20 ಮೈಕ್ರೋಲೀಟರ್‌ಗೆ ಏರಿಸಿದರೂ ಅಲ್ಲಾಡುವುದಿಲ್ಲ. ಕನೆಕ್ಟರ್ ಹತ್ತಿರ ಸೋರಿಕೆ ಇಲ್ಲ. ಎಲ್ಲಿ ತಪ್ಪುತ್ತಿದೆ?

ಪ್ಯಾಸ್ಕಲ್‌ಪುಟ್ಟ

ಮೊದಲು ಹರಿವಿನ ವಿಷಯ ಮುಗಿಸಿಬಿಡೋಣ, ಗುಳ್ಳೆ ಕಂಡ ಕೂಡಲೇ ಎಲ್ಲರ ಕೈ ಹೋಗುವುದು ಪಂಪಿನ ಗುಂಡಿಗೇ.

ಚೇಂಬರ್‌ನಲ್ಲಿ ಕೂತ ಗುಳ್ಳೆ ಹೊರಬೀಳಬೇಕಾದರೆ 2 ಮಿಮೀ ಅಗಲದಿಂದ 200 ಮೈಕ್ರೋಮೀಟರ್ ಅಗಲಕ್ಕೆ ಮೈ ಕುಗ್ಗಿಸಿಕೊಳ್ಳಬೇಕು. ಎತ್ತರ ಎರಡೂ ಕಡೆ ಒಂದೇ ಆದ್ದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ. ಗೋಡೆ ಪೂರ್ತಿ ಒದ್ದೆಯಾಗಿದೆ ಎಂದಿಟ್ಟುಕೊಳ್ಳಿ. 37 ಡಿಗ್ರಿಯಲ್ಲಿ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 0.07 ನ್ಯೂಟನ್. ಅದನ್ನು 2/ಅಗಲದಿಂದ ಗುಣಿಸಿ ಎರಡು ಕಡೆಯ ವ್ಯತ್ಯಾಸ ತೆಗೆದರೆ 0.07 × (10,000 − 1,000), ಅಂದರೆ 630 ಪ್ಯಾಸ್ಕಲ್. ಈಗ ತಳ್ಳುವ ಬಲ ನೋಡಿ. ನಿಮಿಷಕ್ಕೆ 2 ಮೈಕ್ರೋಲೀಟರ್ ಹರಿವಿಗೆ ಆ ಚೇಂಬರ್‌ನ ಉದ್ದಕ್ಕೂ ಇಳಿಯುವ ಒತ್ತಡ ಬರೀ 3 ಪ್ಯಾಸ್ಕಲ್. ಹರಿವನ್ನು ಹತ್ತು ಪಟ್ಟು ಮಾಡಿದಿರಿ, 30 ಆಯಿತು. ಗುಳ್ಳೆಯ ಪಕ್ಕದಲ್ಲಿ ದಾರಿ ಇರುವವರೆಗೆ ನೀರು ಅದನ್ನು ಬಳಸಿಕೊಂಡು ಹೋಗುತ್ತದೆ, ತಳ್ಳುವುದಿಲ್ಲ. ಗುಳ್ಳೆ ಪೂರ್ತಿ ಅಗಲ ಮುಚ್ಚಿದರೆ ಮಾತ್ರ ಸಿರಿಂಜ್ ಪಂಪ್ ಒತ್ತಡ ಕಟ್ಟಿಕೊಂಡು ಅದನ್ನು ಒಮ್ಮೆಲೇ ದೂಡುತ್ತದೆ. ಆಗ ಗುಳ್ಳೆಯ ಅಂಚು ಜೀವಕೋಶಗಳ ಮೇಲೆ ಸವರಿಕೊಂಡು ಹೋಗುತ್ತದೆ, ಹೋದ ದಾರಿಯಲ್ಲಿ ಕೋಶಗಳು ಕಿತ್ತುಬಂದಿರುತ್ತವೆ. ಅದನ್ನು ಯಾರೂ ಬಯಸುವುದಿಲ್ಲ.

ಇನ್ನು ಆ ಗಾಳಿ ಎಲ್ಲಿಂದ ಬಂತು ಅನ್ನುವುದು. ನಿಮ್ಮ ಮೀಡಿಯಾದಲ್ಲೇ ಇತ್ತು. ಗಾಳಿಯ ಜೊತೆ ಸಮತೋಲಕ್ಕೆ ಬಂದ ನೀರಿನಲ್ಲಿ 4 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 13 ಮಿಲಿಗ್ರಾಂ ಆಮ್ಲಜನಕ ಇರುತ್ತದೆ, 25 ಡಿಗ್ರಿಯಲ್ಲಿ 8.3, 37ರಲ್ಲಿ 6.7ರ ಆಸುಪಾಸು. ಸಾರಜನಕವೂ ಹೀಗೇ ಇಳಿಯುತ್ತದೆ. ಒಟ್ಟು ಗಾಳಿಯ ಲೆಕ್ಕದಲ್ಲಿ 25ರಿಂದ 37ಕ್ಕೆ ಹೋದರೆ ಲೀಟರಿಗೆ ಸರಿಸುಮಾರು 3 ಮಿಲಿಲೀಟರ್ ಹೆಚ್ಚಾಗಿ ಉಳಿಯುತ್ತದೆ. ನಿಮ್ಮ ಹರಿವು ದಿನಕ್ಕೆ 2.9 ಮಿಲಿಲೀಟರ್, ಹಾಗಾದರೆ ದಿನಕ್ಕೆ 9 ಮೈಕ್ರೋಲೀಟರ್ ಗಾಳಿ ಹೊರಬರಲು ತಯಾರಾಗಿ ನಿಂತಿದೆ. ಇಡೀ ಚೇಂಬರ್‌ನ ಗಾತ್ರವೇ 0.6 ಮೈಕ್ರೋಲೀಟರ್! ಅಷ್ಟೂ ಗುಳ್ಳೆಯಾಗುವುದಿಲ್ಲ ನಿಜ. ಪಿಡಿಎಂಎಸ್ ಮೂಲಕ ಒಂದಷ್ಟು ಆಚೆ ಹೋಗುತ್ತದೆ, ಇನ್ನೊಂದಷ್ಟು ಕರಗಿದಂತೆಯೇ ಹರಿದುಹೋಗುತ್ತದೆ. ಹತ್ತರಲ್ಲೊಂದು ಪಾಲು ಗುಳ್ಳೆಯಾದರೂ ಚೇಂಬರ್ ತುಂಬಿತು. ಅರ್ಧ ಗಂಟೆ ಹೊರಗಿಟ್ಟ ಬಾಟಲಿ ಒಳಗೆ ಇನ್ನೂ ತಣ್ಣಗೇ ಇದ್ದರೆ ಸಿರಿಂಜಿಗೆ ಹೋಗುವ ಗಾಳಿ ಇದಕ್ಕಿಂತ ಹೆಚ್ಚು.

ಇದೇ ಕಾರಣ ಅಂತ ಖಚಿತ ಮಾಡಿಕೊಳ್ಳಲು ಜೀವಕೋಶ ಇಲ್ಲದ ಒಂದು ಚಿಪ್‌ನಲ್ಲಿ ಅದೇ ಟ್ಯೂಬ್, ಅದೇ ಹರಿವು, ಪಿಬಿಎಸ್ (ಪಿಎಚ್ ಕಾಯ್ದುಕೊಳ್ಳುವ ಉಪ್ಪುನೀರು) ಹಾಕಿ ಒಂದು ರಾತ್ರಿ ಕೋಣೆಯ ತಾಪದಲ್ಲಿ ಓಡಿಸಿ. ಮರುದಿನ 37ರಲ್ಲಿ ಓಡಿಸಿ. ಮೊದಲನೆಯದು ಸ್ವಚ್ಛವಾಗಿದ್ದು ಎರಡನೆಯದರಲ್ಲಿ ಗುಳ್ಳೆ ಬಂದರೆ ಸಮಸ್ಯೆ ತಾಪದ್ದು. ಎರಡರಲ್ಲೂ ಬಂದರೆ ಟ್ಯೂಬ್ ಅಥವಾ ಜೋಡಣೆ ನೋಡಬೇಕು. ಗುಳ್ಳೆ ಮೊದಲು ಎಲ್ಲಿ ಕಾಣುತ್ತದೆ ಅನ್ನುವುದೂ ಸುಳಿವು: ಇನ್ಲೆಟ್ ತೂತಿನಿಂದ ಸಾಲಾಗಿ ಬಂದರೆ ಚಿಪ್‌ಗೂ ಮೊದಲು, ಟ್ಯೂಬಿನ ಕಡೆಯಿಂದ ಬರುತ್ತಿದೆ ಎಂದರ್ಥ. ಯಾವಾಗಲೂ ಒಂದೇ ಮೂಲೆಯಲ್ಲಿ ಹುಟ್ಟಿ ಬೆಳೆದರೆ ಅದು ಅಲ್ಲೇ ಹುಟ್ಟಿದ್ದು. ನಿಮ್ಮದು ಎರಡನೆಯ ಜಾತಿ.

ತೇವಗೋಡೆ

ಮೇಲಿನ ಲೆಕ್ಕ ಸರಿ, ಆದರೆ ಅರ್ಧ ಕಥೆ. ಲೀಟರಿಗೆ 3 ಮಿಲಿಲೀಟರ್ ಹೆಚ್ಚುವರಿ ಗಾಳಿ ಅಂದರೆ 20% ಆಸುಪಾಸಿನ ಅತಿಸಂತೃಪ್ತತೆ, ಹಿಡಿಯಬಹುದಾದ್ದಕ್ಕಿಂತ ಅಷ್ಟು ಹೆಚ್ಚು ಗಾಳಿ ಕರಗಿದೆ ಎಂದರ್ಥ. ಚೆನ್ನಾಗಿ ಒದ್ದೆಯಾದ ನುಣುಪು ಗೋಡೆಯ ಮೇಲೆ ಅಷ್ಟಕ್ಕೆಲ್ಲ ಗುಳ್ಳೆ ಹೊಸದಾಗಿ ಹುಟ್ಟುವುದಿಲ್ಲ. ಅದಕ್ಕೆ ಬೀಜ ಬೇಕು, ಅಂದರೆ ಮೊದಲೇ ಎಲ್ಲೋ ಸಿಕ್ಕಿಹಾಕಿಕೊಂಡ ಚಿಟಿಕೆ ಗಾಳಿ. ನಿಮ್ಮ ಗುಳ್ಳೆ ಪ್ರತಿ ಸಲ ಭುಜದಲ್ಲೇ ಹುಟ್ಟುತ್ತಿದೆ ಎಂದರೆ ತುಂಬಿಸುವಾಗ ಅಲ್ಲಿ ನೀರು ಮೂಲೆಯನ್ನು ಮುಟ್ಟದೆ ಹಾರಿಹೋಗಿದೆ. 4 ಪಟ್ಟು ಲೆನ್ಸಿನಲ್ಲಿ ಅದು ಕಾಣುವುದಿಲ್ಲ. 20 ಪಟ್ಟಿನಲ್ಲಿ ಮೂಲೆಯ ಗೆರೆಯನ್ನು ಫೋಕಸ್ ಮಾಡಿ ನೋಡಿ: ಒದ್ದೆಯಾದ ಅಂಚು ಮಸುಕಾದ ತೆಳು ಗೆರೆ, ಗಾಳಿ ಹಿಡಿದ ಅಂಚು ದಪ್ಪ ಕಪ್ಪು ಗೆರೆ. ಗಾಳಿಗೂ ನೀರಿಗೂ ವಕ್ರೀಭವನದ ಅಂತರ ಹೆಚ್ಚಾದ್ದರಿಂದ ಹಾಗೆ ಕಾಣುತ್ತದೆ.

ಹಾಗಾಗಿ ಬೀಜ ತೆಗೆಯಿರಿ, ಇಲ್ಲವೇ ಅದಕ್ಕೆ ಸಿಗುವ ಮೇವು ನಿಲ್ಲಿಸಿ. ಎರಡೂ ಮಾಡಿದರೆ ನಿಶ್ಚಿಂತೆ.

ಬೀಜದ ಮಾತು. ಪಿಡಿಎಂಎಸ್ ಸ್ವಭಾವತಃ ನೀರೊಲ್ಲದ್ದು, ಸ್ಪರ್ಶಕೋನ (ಮೇಲ್ಮೈ ಮೇಲೆ ಹನಿಯ ಅಂಚು ಮಾಡುವ ಕೋನ) 105–110 ಡಿಗ್ರಿ. ಆಕ್ಸಿಜನ್ ಪ್ಲಾಸ್ಮಾ ಆದಮೇಲೆ ನೀರು ಹಾಸಿಕೊಳ್ಳುತ್ತದೆ, ಆದರೆ ಗಾಳಿಯಲ್ಲಿಟ್ಟರೆ ಗಂಟೆಗಳಲ್ಲಿ ಹಳೇ ಬುದ್ಧಿಗೆ ಮರಳತೊಡಗುತ್ತದೆ. ಅಂಟಿಸಿದ ಚಿಪ್ಪನ್ನು ರಾತ್ರಿಯಿಡೀ ಓವನ್‌ನಲ್ಲಿಟ್ಟು ಮರುದಿನ ತುಂಬಿಸುವವರು ಪ್ಲಾಸ್ಮಾದ ಲಾಭವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ. ಪ್ಲಾಸ್ಮಾ ಮುಗಿದ 15 ನಿಮಿಷದೊಳಗೆ ನೀರು ಒಳಗಿರಲಿ, ಆಮೇಲೆ ಬಳಸುವವರೆಗೂ ನೀರಿನಲ್ಲೇ ಮುಳುಗಿರಲಿ. ಓವನ್ ಬೇಕೇಬೇಕು ಎಂದರೆ ತುಂಬಿಸುವ ಮುನ್ನ ಚಿಪ್ಪನ್ನು ಇನ್ನೊಮ್ಮೆ ಪ್ಲಾಸ್ಮಾದಲ್ಲಿಡಿ, ತೂತುಗಳ ಮೂಲಕ ಒಳಗೂ ಒಂದಿಷ್ಟು ತಾಗುತ್ತದೆ.

ತುಂಬಿಸುವುದಕ್ಕೆ ನಾನು ಹೇಳುವುದು ನಿರ್ವಾತದ ದಾರಿ. ಒಂದು ಪೆಟ್ರಿ ಡಿಶ್‌ನಲ್ಲಿ ಪಿಬಿಎಸ್ ಹಾಕಿ ಚಿಪ್ ಪೂರ್ತಿ ಮುಳುಗಿಸಿ, ತೂತುಗಳು ಮೇಲ್ಮುಖವಾಗಿರಲಿ. ಡೆಸಿಕೇಟರ್‌ನಲ್ಲಿಟ್ಟು (ಗಾಳಿ ಎಳೆದು ತೆಗೆಯಬಹುದಾದ ಮುಚ್ಚಿದ ಪಾತ್ರೆ) ಗೇಜ್ −80 ಕಿಲೋಪ್ಯಾಸ್ಕಲ್‌ವರೆಗೆ, ಅಂದರೆ ವಾಯುಭಾರಕ್ಕಿಂತ 80 ಕಡಿಮೆಗೆ, ಎಳೆಯಿರಿ. ಅದಕ್ಕಿಂತ ತುಂಬಾ ಕೆಳಗೆ ಬೇಡ. 25 ಡಿಗ್ರಿಯಲ್ಲಿ ನೀರಿನ ಆವಿಯೊತ್ತಡ 3.2 ಕಿಲೋಪ್ಯಾಸ್ಕಲ್, ಅದರ ಹತ್ತಿರ ಹೋದರೆ ಡಿಶ್ ಕುದಿಯತೊಡಗುತ್ತದೆ. ತೂತುಗಳಿಂದ ಗುಳ್ಳೆ ಬುಳುಬುಳು ಬರುತ್ತದೆ. 10–15 ನಿಮಿಷದಲ್ಲಿ ಅದು ನಿಂತಮೇಲೆ ಕವಾಟವನ್ನು ನಿಧಾನ ಬಿಡಿ, ನೀರು ಒಳಗೆ ನುಗ್ಗುತ್ತದೆ. ಆಗಲೂ ಮೂಲೆಯಲ್ಲಿ ಚೂರು ಗಾಳಿ ಉಳಿದಿರಬಹುದು, ಗಾಬರಿ ಬೇಡ. ಗಾಳಿ ಕಳೆದುಕೊಂಡ ಪಿಡಿಎಂಎಸ್ ಹಸಿದಿರುತ್ತದೆ, ಅದೇ ಆ ಚೂರನ್ನು ಇನ್ನೊಂದು 20 ನಿಮಿಷದಲ್ಲಿ ಹೀರಿಕೊಳ್ಳುತ್ತದೆ. ಅಲ್ಲಿಯವರೆಗೆ ಡಿಶ್‌ನಿಂದ ಹೊರತೆಗೆಯಬೇಡಿ.

ಇಷ್ಟು ಮಾಡಿ ಟ್ಯೂಬ್ ಸಿಕ್ಕಿಸುವಾಗ ಕೆಡಿಸಿಕೊಳ್ಳುವವರೇ ಹೆಚ್ಚು. ಇನ್ಲೆಟ್ ತೂತಿನ ಮೇಲೆ ಉಬ್ಬಿದ ಒಂದು ಹನಿ ಇರಲಿ, ಪಂಪನ್ನು ಮೆಲ್ಲಗೆ ಓಡಿಸುತ್ತ ಟ್ಯೂಬಿನ ತುದಿಯಲ್ಲೂ ಒಂದು ಹನಿ ತೂಗುತ್ತಿರಲಿ. ಹನಿಗೆ ಹನಿ ಮುಟ್ಟಿಸಿ ಆಮೇಲೆ ಒಳಗೆ ತಳ್ಳಿ. ಔಟ್ಲೆಟ್ ತೆರೆದಿರಬೇಕು, ಇಲ್ಲದಿದ್ದರೆ ಒತ್ತಡದ ಹೊಡೆತಕ್ಕೆ ಅಂಟು ಬಿಡುತ್ತದೆ. ಟ್ಯೂಬಿನ ತುದಿ ಹೊಸ ಬ್ಲೇಡಿನಿಂದ ನೇರ ಕತ್ತರಿಸಿದ್ದಾಗಿರಲಿ. ಓರೆ ಕತ್ತರಿಸಿದ ತುದಿ ತೂತಿನ ತಳದಲ್ಲಿ ಬೆಣೆಯಾಕಾರದ ಸಂದು ಬಿಡುತ್ತದೆ, ಗಾಳಿ ಅಲ್ಲೇ ಮನೆ ಮಾಡುತ್ತದೆ.

ಹನಿಗಾಲುವೆ

20 ಪಟ್ಟಿನಲ್ಲಿ ನೋಡಿದೆ. ನೀವು ಹೇಳಿದ ಕಪ್ಪು ಗೆರೆ ಎಡಭುಜದಲ್ಲಿದೆ, 40 ಮೈಕ್ರೋಮೀಟರ್ ಉದ್ದ ಇರಬಹುದು. ಬಲಭುಜ ಸ್ವಚ್ಛ.

ಮೂರು ಅನುಮಾನ. ಮೀಡಿಯಾವನ್ನೇ ಡೆಸಿಕೇಟರ್‌ನಲ್ಲಿಟ್ಟು ಡೀಗ್ಯಾಸ್ ಮಾಡಿದರೆ (ಕರಗಿದ ಗಾಳಿ ತೆಗೆದರೆ) ಸಾಲದೇ? ಮೊದಲು 70% ಎಥನಾಲ್ ಹರಿಸಿದರೆ ಮೂಲೆಗಳು ಒದ್ದೆಯಾಗುತ್ತವೆ ಎನ್ನುತ್ತಾರೆ, ಅದು ಸರಿಯೇ? ಮತ್ತೆ, ಈಗ ಓಡುತ್ತಿರುವ ಚಿಪ್‌ನಲ್ಲಿ ಜೀವಕೋಶ ಅಂಟಿ ಮೂರು ದಿನ ಆಗಿದೆ, ಗುಳ್ಳೆಯೂ ಕೂತಿದೆ. ಅದನ್ನು ಉಳಿಸಿಕೊಳ್ಳುವ ದಾರಿ ಇದೆಯೇ?

ಪ್ಯಾಸ್ಕಲ್‌ಪುಟ್ಟ

ಕೊನೆಯದು ಮೊದಲು, ಅದು ಕಾಯುವುದಿಲ್ಲ.

ಪಿಡಿಎಂಎಸ್ ಗಾಳಿಯನ್ನು ಬಿಟ್ಟುಕೊಡುತ್ತದೆ. ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚಿಸಿ ಇಟ್ಟರೆ ಗುಳ್ಳೆ ಅಲ್ಲಾಡದೆ, ಇದ್ದಲ್ಲೇ ಗೋಡೆಯ ಮೂಲಕ ಕರಗಿಹೋಗುತ್ತದೆ. ಔಟ್ಲೆಟ್ ಮುಚ್ಚಿ ಇನ್ಲೆಟ್‌ನಿಂದ ಒತ್ತಡ ಕೊಡುವುದು ಇದರ ಸರಳ ರೂಪ. ಆದರೆ ಇದನ್ನು ಸಿರಿಂಜ್ ಪಂಪಿನಿಂದ ಮಾತ್ರ ಮಾಡಬೇಡಿ. ಅದಕ್ಕೆ ಒತ್ತಡದ ಅರಿವಿಲ್ಲ, ಔಟ್ಲೆಟ್ ಮುಚ್ಚಿದ್ದರೂ ತಳ್ಳುತ್ತಲೇ ಇರುತ್ತದೆ, ಕೊನೆಗೆ ಟ್ಯೂಬ್ ಚಿಮ್ಮುತ್ತದೆ ಅಥವಾ ಅಂಟು ಬಿಡುತ್ತದೆ. ಪ್ರೆಶರ್ ಕಂಟ್ರೋಲರ್ ಇದ್ದರೆ 200 ಮಿಲಿಬಾರ್‌ಗೆ ಇಡಿ. ಇಲ್ಲವಾದರೆ ಬೆಚ್ಚಗಿನ ಮೀಡಿಯಾ ತುಂಬಿದ ತೆರೆದ ಸಿರಿಂಜ್ ನಳಿಕೆಯನ್ನು ಚಿಪ್‌ಗಿಂತ 2 ಮೀಟರ್ ಮೇಲೆ ತೂಗುಹಾಕಿ. 1 ಮೀಟರ್ ನೀರು ಅಂದರೆ 98 ಮಿಲಿಬಾರ್, ಹಾಗಾಗಿ ಅದೂ 200ರ ಹತ್ತಿರವೇ ಬಂತು.

ಕ್ರಮ ಹೀಗಿರಲಿ: ಪಂಪ್ ನಿಲ್ಲಿಸಿ, ಇನ್ಲೆಟ್ ಔಟ್ಲೆಟ್ ಎರಡನ್ನೂ ಕ್ಲಾಂಪ್ ಮಾಡಿ. ಪಂಪಿನ ಬದಲು ಎತ್ತರದ ನಳಿಕೆಯನ್ನು ಹನಿಗೆ ಹನಿ ಮುಟ್ಟಿಸಿ ಜೋಡಿಸಿ, ನಳಿಕೆ ಇನ್ನೂ ಚಿಪ್ಪಿನ ಮಟ್ಟದಲ್ಲೇ ಇರಲಿ. ಇನ್ಲೆಟ್ ಕ್ಲಾಂಪ್ ಬಿಡಿ, ಔಟ್ಲೆಟ್ ಮುಚ್ಚಿಯೇ ಇರಲಿ. ಈಗ ನಳಿಕೆಯನ್ನು ಒಂದೆರಡು ನಿಮಿಷ ತೆಗೆದುಕೊಂಡು ಮೆಲ್ಲಗೆ ಮೇಲೇರಿಸಿ, ಇಲ್ಲದಿದ್ದರೆ ಗುಳ್ಳೆ ಗಬಕ್ಕನೆ ಕುಗ್ಗಿ ಅದರ ಅಂಚು ಕೋಶಗಳನ್ನು ಎಳೆಯುತ್ತದೆ. ಚಿಕ್ಕ ಗುಳ್ಳೆಗೆ 5–10 ನಿಮಿಷ ಸಾಕು. ಅರ್ಧ ಚೇಂಬರಿನದಕ್ಕೆ ಇನ್ನೂ ಹೆಚ್ಚು, ಪಿಡಿಎಂಎಸ್ ದಪ್ಪ ಇದ್ದಷ್ಟೂ ನಿಧಾನ. ಅರ್ಧ ಗಂಟೆಗೊಮ್ಮೆ ಔಟ್ಲೆಟ್ ಸ್ವಲ್ಪ ತೆರೆದು ಹೊಸ ಮೀಡಿಯಾ ಒಳಗೆ ಬರಲು ಬಿಡಿ. ಗುಳ್ಳೆ ಪೂರ್ತಿ ಮಾಯವಾದಮೇಲೂ 15 ನಿಮಿಷ ಒತ್ತಡ ಇರಲಿ, ಕಣ್ಣಿಗೆ ಕಾಣದ ಆ ಮೂಲೆಯ ಬೀಜವೂ ಹೋಗಬೇಕು. ಕಂಡದ್ದು ಹೋಯಿತೆಂದು ಬಿಟ್ಟರೆ ರಾತ್ರಿಗೆ ಅದೇ ಜಾಗದಲ್ಲಿ ಮತ್ತೆ ಹಾಜರು. ಗುಳ್ಳೆಯ ಕೆಳಗಿದ್ದ ಕೋಶಗಳು ಒಣಗಿರುತ್ತವೆ, ಆ ಜಾಗವನ್ನು ಅಳತೆಯಿಂದ ಬಿಟ್ಟುಬಿಡಿ.

ಪೂರ್ತಿ ಗಾಜಿನ ಚಿಪ್‌ಗೆ ಅಥವಾ ಅಕ್ರಿಲಿಕ್‌ಗೆ ಔಟ್ಲೆಟ್ ಮುಚ್ಚುವ ಉಪಾಯ ಇಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಗಾಳಿಗೆ ಗೋಡೆಯಲ್ಲಿ ದಾರಿಯಿಲ್ಲ. ಅಲ್ಲಿ ಡೀಗ್ಯಾಸ್ ಮಾಡಿದ ದ್ರವವನ್ನು ಒತ್ತಡದಲ್ಲಿ ಹರಿಸುತ್ತಲೇ ಗುಳ್ಳೆಯನ್ನು ಕರಗಿಸಬೇಕು.

ಇದೇ ತತ್ವವನ್ನು ತಡೆಗೂ ಬಳಸಬಹುದು. ತ್ಯಾಜ್ಯದ ಟ್ಯೂಬಿನ ತುದಿಯನ್ನು ಚಿಪ್‌ಗಿಂತ 1 ಮೀಟರ್ ಮೇಲೆ ಕಟ್ಟಿ. ಸಿರಿಂಜ್ ಪಂಪ್ ಹರಿವು ಬದಲಾಗುವುದಿಲ್ಲ, ಚಿಪ್ ಒಳಗಿನ ಒತ್ತಡ ವಾಯುಭಾರದ ಹತ್ತನೇ ಒಂದರಷ್ಟು ಏರುತ್ತದೆ, ಹೆನ್ರಿ ನಿಯಮದಂತೆ ಕರಗುವ ಗಾಳಿಯೂ ಅಷ್ಟೇ ಏರುತ್ತದೆ. ನಿಮ್ಮ 20% ಹೆಚ್ಚುವರಿಯಲ್ಲಿ ಅರ್ಧ ಬರೀ ಒಂದು ದಾರದಿಂದ ಮುಗಿಯಿತು. ಇದಕ್ಕೆ ತಿರುಗುಮುರುಗಾದದ್ದು ಔಟ್ಲೆಟ್‌ನಿಂದ ಪಂಪ್ ಎಳೆಯುವ ಜೋಡಣೆ. ಅಲ್ಲಿ ಇಡೀ ಚಿಪ್ ವಾಯುಭಾರಕ್ಕಿಂತ ಕೆಳಗಿರುತ್ತದೆ, ಪಿಡಿಎಂಎಸ್ ಹೊರಗಿನ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ತಳ್ಳಿದರೆ ಸೋರಿಕೆ ಹೊರಗೆ ಹನಿಯಾಗಿ ಕಾಣುತ್ತದೆ, ಎಳೆದರೆ ಒಳಗೆ ಗುಳ್ಳೆಯಾಗಿ.

ತೇವಗೋಡೆ

ಉಳಿದೆರಡು ಅನುಮಾನಕ್ಕೆ.

ಸೀರಮ್ ಇರುವ ಮೀಡಿಯಾವನ್ನು ನಿರ್ವಾತದಲ್ಲಿಟ್ಟರೆ ನೊರೆ ಉಕ್ಕುತ್ತದೆ, ಅದರ ಜೊತೆ ಕಾರ್ಬನ್ ಡೈಆಕ್ಸೈಡೂ ಹೊರಟುಹೋಗಿ ಪಿಎಚ್ ಏರುತ್ತದೆ. ಮೀಡಿಯಾದಲ್ಲಿರುವ ಪಿಎಚ್ ತೋರಿಸುವ ಬಣ್ಣ ಫೀನಾಲ್ ರೆಡ್ ನೇರಳೆಗೆ ತಿರುಗಿದರೆ ಅದೇ ಗುರುತು. ಅಷ್ಟು ಸಾಹಸ ಬೇಕಿಲ್ಲ. ಫಿಲ್ಟರ್ ಮುಚ್ಚಳದ ಫ್ಲಾಸ್ಕಿನಲ್ಲಿ ಮೀಡಿಯಾವನ್ನು ತೆಳ್ಳಗೆ ಹರಡಿ ಹಿಂದಿನ ರಾತ್ರಿಯೇ 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್‌ನಲ್ಲಿಡಿ. ಬೆಳಿಗ್ಗೆಗೆ ಅದು 37 ಡಿಗ್ರಿಗೆ ತಕ್ಕಷ್ಟೇ ಗಾಳಿ ಇಟ್ಟುಕೊಂಡಿರುತ್ತದೆ, ಪಿಎಚ್ ಕೂಡ ಸರಿಯಿರುತ್ತದೆ. ಬೆಚ್ಚಗಿನ ಸಿರಿಂಜಿಗೆ ನಿಧಾನ ಎಳೆದುಕೊಳ್ಳಿ, ರಭಸದಲ್ಲಿ ಎಳೆದರೆ ಮತ್ತೆ ಗುಳ್ಳೆ.

ಸಿರಿಂಜ್ ಹೊರಗೇ ಇರಬೇಕಾದ್ದರಿಂದ ಅದು ತಣ್ಣಗಾಗುವುದು ನಿಜ, ಆದರೆ ಮುಚ್ಚಿದ ಸಿರಿಂಜಿಗೆ ಹೊಸ ಗಾಳಿ ಬರುವುದು ಬಲು ನಿಧಾನ. ದಾರಿಯಲ್ಲಿ ಟ್ಯೂಬಿನ ಗೋಡೆಯಿಂದ ಒಂದಿಷ್ಟು ಸೇರಬಹುದು. ಅದಕ್ಕೆ ಚಿಪ್‌ಗೆ ಮುಂಚಿನ ಕೊನೆಯ 50 ಸೆಂಮೀ ಟ್ಯೂಬನ್ನು ಸಿಲಿಕೋನ್ ಮಾಡಿ, ಸುರುಳಿ ಸುತ್ತಿ ಇನ್‌ಕ್ಯುಬೇಟರ್ ಒಳಗಿಡಿ. 0.5 ಮಿಮೀ ಒಳವ್ಯಾಸಕ್ಕೆ ಅದು 98 ಮೈಕ್ರೋಲೀಟರ್, ನಿಮ್ಮ ಹರಿವಿನಲ್ಲಿ 49 ನಿಮಿಷದ ಪಯಣ. ಸಿಲಿಕೋನ್ ಗೋಡೆ ಗಾಳಿಗೆ ಜಾಲರಿ ಇದ್ದಂತೆ, ಅಷ್ಟು ಹೊತ್ತಿನಲ್ಲಿ ಹೆಚ್ಚಿನದು ಹೊರಹೋಗಿ ಕಾರ್ಬನ್ ಡೈಆಕ್ಸೈಡ್ ಒಳಬರುತ್ತದೆ. ಸುರುಳಿ ತೇವಾಂಶ ಇರುವ ಜಾಗದಲ್ಲೇ ಇರಬೇಕು, ಒಣಗಾಳಿಯಲ್ಲಾದರೆ ನೀರೂ ಆವಿಯಾಗಿ ಮೀಡಿಯಾ ಗಟ್ಟಿಯಾಗುತ್ತದೆ. ಕೊಬ್ಬಿನಲ್ಲಿ ಕರಗುವ ಔಷಧಿ ಪರೀಕ್ಷಿಸುವವರಿಗೆ ಇದು ಬೇಡ, ಸಿಲಿಕೋನ್ ಅದನ್ನು ನುಂಗಿಬಿಡುತ್ತದೆ.

ಎಥನಾಲ್ ಮೂಲೆ ತೋಯಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಶುದ್ಧ ಎಥನಾಲ್‌ನ ಮೇಲ್ಮೈ ಎಳೆತ ಮೀಟರಿಗೆ 22 ಮಿಲಿನ್ಯೂಟನ್, ನೀರಿನದು 72. 70%ರದ್ದೂ ನೀರಿಗಿಂತ ಬಹಳ ಕಡಿಮೆ. ಪೆಟ್ಟು ಬೀಳುವುದು ನೀರಿಗೆ ಬದಲಿಸುವಾಗ. ಗಾಳಿ ಎಥನಾಲ್‌ನಲ್ಲಿ ನೀರಿಗಿಂತ ಹಲವು ಪಟ್ಟು ಹೆಚ್ಚು ಕರಗುತ್ತದೆ, ಎರಡೂ ಬೆರೆತ ಕಡೆ ಆ ಗಾಳಿ ಹಿಡಿಯಲು ಜಾಗ ಸಾಲದೆ ಸಾಲುಸಾಲು ಸಣ್ಣ ಗುಳ್ಳೆಗಳಾಗಿ ಉದುರುತ್ತದೆ. ಅದಕ್ಕೇ ಎಥನಾಲ್ ಆದಮೇಲೆ ಹಾಕುವ ನೀರು ಡೀಗ್ಯಾಸ್ ಆಗಿರಲೇಬೇಕು: ಕಲಕುತ್ತ −80 ಕಿಲೋಪ್ಯಾಸ್ಕಲ್‌ನಲ್ಲಿ 30–60 ನಿಮಿಷ. ಬರೀ ನೀರು, ಪಿಬಿಎಸ್‌ಗೆ ಇದು ನಿರಾತಂಕ. ಆಮೇಲೆ ಚಿಪ್ಪಿನ ಗಾತ್ರದ ಹತ್ತಾರು ಪಟ್ಟು ಪಿಬಿಎಸ್ ಹರಿಸಿ ಎಥನಾಲ್ ತೊಳೆದು ಕೋಶ ಹಾಕಿ.

ಇನ್ನೊಂದು ದಾರಿ ಎಥನಾಲ್‌ಗಿಂತ ನನಗೆ ಇಷ್ಟ: ತುಂಬಿಸುವ ಮುನ್ನ ಒಣ ಚಿಪ್‌ನೊಳಗೆ ಒಂದೆರಡು ನಿಮಿಷ ಕಾರ್ಬನ್ ಡೈಆಕ್ಸೈಡ್ ಮೆಲ್ಲಗೆ ಹಾಯಿಸಿ, ಕೂಡಲೇ ಪಿಬಿಎಸ್ ತುಂಬಿ. ಮೂಲೆಯಲ್ಲಿ ಸಿಕ್ಕಿಕೊಳ್ಳುವುದು ಗಾಳಿಯ ಬದಲು ಆ ಅನಿಲ. ನೀರಿನಲ್ಲಿ ಅದು ಗಾಳಿಗಿಂತ 40 ಪಟ್ಟಿಗೂ ಹೆಚ್ಚು ಕರಗುತ್ತದೆ, ನೋಡುತ್ತಿದ್ದಂತೆ ಕಪ್ಪು ಗೆರೆ ಮಾಯ. ಗಾಜಿನ ಚಿಪ್‌ಗೂ ನಡೆಯುತ್ತದೆ.

ಜಾಲರಿ

ಬಬಲ್ ಟ್ರ್ಯಾಪ್ (ಚಿಪ್‌ಗೆ ಮುಂಚೆಯೇ ಗುಳ್ಳೆ ಹಿಡಿಯುವ ಸಾಧನ) ಬಗ್ಗೆ ಯಾರೂ ಹೇಳಿಲ್ಲ, ಒಂದು ಎಚ್ಚರಿಕೆಯ ಜೊತೆ ಸೇರಿಸುತ್ತೇನೆ. ಪಿಟಿಎಫ್‌ಇ (ಟೆಫ್ಲಾನ್) ಪೊರೆಯ ಟ್ರ್ಯಾಪ್‌ನಲ್ಲಿ ಗಾಳಿ ಪೊರೆ ದಾಟಿ ಹೋಗುತ್ತದೆ, ನೀರು ಉಳಿಯುತ್ತದೆ. ಪೊರೆ ಒದ್ದೆಯಾಗದಿರುವವರೆಗೆ ಮಾತ್ರ. ಟ್ರ್ಯಾಪ್ ಮೂಲಕವೇ 70% ಎಥನಾಲ್ ಹರಿಸಿ ಚಿಪ್ ಸ್ವಚ್ಛ ಮಾಡುವವರು ಅಲ್ಲೇ ಪೊರೆ ಕೆಡಿಸುತ್ತಾರೆ. ಸಾಬೂನಿನಂಥ ಟ್ವೀನ್ 20 ಇದ್ದರೂ ಅದೇ ಗತಿ, ತುಸು ತಡವಾಗಿ. ಸೀರಮ್ ಪ್ರೋಟೀನ್ ಕೂಡ ದಿನಗಳಲ್ಲಿ ಪೊರೆಗೆ ಹತ್ತಿಕೊಳ್ಳುತ್ತದೆ. ಪೊರೆಯ ಹೊರಮೈಯಲ್ಲಿ ಪಸೆ ಕಂಡರೆ ಬದಲಿಸಿ. ಎಥನಾಲ್ ಹಂತ ಮುಗಿದಮೇಲಷ್ಟೇ ಟ್ರ್ಯಾಪ್ ಜೋಡಿಸಿ.

ಜಾಗ: ಇನ್‌ಕ್ಯುಬೇಟರ್ ಒಳಗೆ, ಸುರುಳಿಯ ನಂತರ, ಚಿಪ್‌ಗೆ ಆದಷ್ಟು ಹತ್ತಿರ. ಹೊರಗೆ ಪಂಪಿನ ಪಕ್ಕ ಇಟ್ಟರೆ ಬಿಸಿಯಾದಮೇಲೆ ಹುಟ್ಟುವ ಗುಳ್ಳೆ ಅದಕ್ಕೆ ಸಿಗುವುದೇ ಇಲ್ಲ. ಒಳಗಾತ್ರ 100 ಮೈಕ್ರೋಲೀಟರ್ ಇದ್ದರೆ ನಿಮ್ಮ ಹರಿವಿನಲ್ಲಿ ಮೀಡಿಯಾ ಬದಲಾವಣೆ 50 ನಿಮಿಷ ತಡವಾಗುತ್ತದೆ, ಔಷಧಿ ಕೊಡುವ ಸಮಯದ ಲೆಕ್ಕಕ್ಕೆ ಅದನ್ನು ಸೇರಿಸಿ. ಟ್ರ್ಯಾಪನ್ನು ಮೊದಲೇ ತುಂಬಿಸಿಡಿ, ಅರ್ಧ ಖಾಲಿ ಟ್ರ್ಯಾಪ್ ಸ್ಪ್ರಿಂಗ್ ಇದ್ದಂತೆ: ಹರಿವು ಬದಲಿಸಿದಾಗ ಗಾಳಿ ಕುಗ್ಗಿ ಹಿಗ್ಗಿ ಆ ಬದಲಾವಣೆ ಚಿಪ್‌ಗೆ ತಡವಾಗಿ ತಲುಪುತ್ತದೆ.

ಹನಿಗಾಲುವೆ

2 ಮೀಟರ್ ನಳಿಕೆ ಕಟ್ಟಿದೆ. 50 ನಿಮಿಷಕ್ಕೆ ಗುಳ್ಳೆ ಹೋಯಿತು, ಇನ್ನೂ 15 ನಿಮಿಷ ಇಟ್ಟಮೇಲೆ ಎಡಭುಜದ ಕಪ್ಪು ಗೆರೆಯೂ ಇಲ್ಲ. ತ್ಯಾಜ್ಯದ ಟ್ಯೂಬ್ ಮೇಲೆ ಕಟ್ಟಿದ್ದೇನೆ. ಮುಂದಿನ ಅಚ್ಚಿನಲ್ಲಿ ಭುಜದ ಆಕಾರ ಬದಲಿಸಬೇಕೆಂದಿದ್ದೇನೆ, ಎಷ್ಟು ಇಳಿಜಾರು ಸಾಕು?

ತೇವಗೋಡೆ

ಈಗಿರುವುದು 90 ಡಿಗ್ರಿ ಮೂಲೆ ಅಂತ ಕಾಣುತ್ತದೆ. ಚಾನೆಲ್‌ನಿಂದ ಚೇಂಬರ್‌ಗೆ ಎರಡೂ ಬದಿ ಅಕ್ಷದಿಂದ 20–30 ಡಿಗ್ರಿಯಲ್ಲಿ ಅಗಲಿಸಿ, ಔಟ್ಲೆಟ್ ಕಡೆಯೂ ಹಾಗೇ ಕಿರಿದಾಗಿಸಿ, ಮೂಲೆಗಳಿಗೆ 100 ಮೈಕ್ರೋಮೀಟರ್ ತ್ರಿಜ್ಯದ ದುಂಡು ಕೊಡಿ. ಜಾಗ ಸಾಲದಿದ್ದರೆ ಕಿರಿದಾಗುವ ಕಡೆ ತುಸು ಕಡಿದಾಗಿಸಿ, ಅಗಲವಾಗುವ ಕಡೆ ಬೇಡ: ನೀರಿನ ಮುಂಗೆರೆ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಅಚ್ಚು ಬರುವವರೆಗೆ, ತುಂಬಿಸುವಾಗ ಚಿಪ್ಪನ್ನು ಔಟ್ಲೆಟ್ ಮೇಲೆ ಬರುವಂತೆ 45 ಡಿಗ್ರಿ ಓರೆ ಹಿಡಿದು, ಎಡಭುಜ ಬಲಭುಜಕ್ಕಿಂತ ಕೆಳಗಿರುವಂತೆ ತುಸು ವಾಲಿಸಿ.